ಟಸ್ಕನಿಗೆ ಬರಿಗೈಯಲ್ಲಿ

ಕುವೈತಿನಲ್ಲಿ ರಜೆ ಹಾಕಿದವನನ್ನು ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಯಾವಾಗ ಎಂದಷ್ಟೇ ಕೇಳುತ್ತಾರೆ. ಫರ್ವಾನಿಯಾದ ನಮ್ಮ ಕಟ್ಟಡದ ಲಿಫ್ಟು ಏದುಸಿರು ಬಿಡುತ್ತಾ ಮೇಲೇರುವಂಥದ್ದು, ಅದು ನಮ್ಮ ಮಹಡಿಯನ್ನು ಮುಟ್ಟುವುದರೊಳಗೆ ಜೊತೆಗಿದ್ದವರು ಸೆಕೆಯ ಬಗ್ಗೆ ಒಂದು ಮಾತು, ಟ್ರಾಫಿಕ್ಕಿನ ಬಗ್ಗೆ ಒಂದು ಮಾತು ಆಡಿ ಮುಗಿಸಿ, "ಮತ್ತೆ, ಲೀವ್ ಯಾವಾಗ?" ಎಂಬಲ್ಲಿಗೆ ಬಂದೇ ಬರುತ್ತಾರೆ. ಶಾಸ್ತ್ರಗಳು ದಿಕ್ಕುಗಳನ್ನು ಹತ್ತೆಂದು ಎಣಿಸಿಕೊಂಡಿರಬಹುದು. ಗಲ್ಫಿನಲ್ಲಿ ದುಡಿಯುವ ಕರಾವಳಿಯವನ ರಜೆಗೆ ಇರುವುದು ಒಂದೇ ದಿಕ್ಕು; ಅದರ ತುದಿಯಲ್ಲಿ ಮಂಗಳೂರಿನ ವಿಮಾನ ನಿಲ್ದಾಣ, ಅದರ ಹೊರಬಾಗಿಲಿನಲ್ಲಿ ಬಾಡಿಗೆ ಕಾರು ತಂದು ನಿಂತ ಭಾವ.

ಈ ಪ್ರಶ್ನೆಗೊಂದು ಬಾಲವೂ ಇದೆ. ತಾರೀಖು ನಮ್ಮ ಬಾಯಿಂದ ಬಿದ್ದ ಕೂಡಲೇ ಕೇಳಿದವರ ಮುಖದಲ್ಲಿ ಮೃದುವಾದ ಸಂಕೋಚ ಮೂಡುತ್ತದೆ, "ಒಂದು ಸಣ್ಣ ಪೊಟ್ಟಣ ಇತ್ತು, ನಿಮಗೆ ಭಾರ ಆಗುದಿಲ್ಲಾಂತಾದ್ರೆ..." ಎನ್ನುತ್ತಾರೆ. 'ಸಣ್ಣ' ಎಂಬ ವಿಶೇಷಣವನ್ನು ನಮ್ಮವರಷ್ಟು ಉದಾರವಾಗಿ ಯಾವ ವೈಯಾಕರಣನೂ ಬಳಸಿರಲಾರ. ಹಾಲಿನ ಪುಡಿಯ ಡಬ್ಬ, ಖರ್ಜೂರ, ನೋವಿನ ಮುಲಾಮು, ಸಾಬೂನು, ಯಾರದೋ ಮಗುವಿನ ಚಪ್ಪಲಿ, ಒಮ್ಮೆಯಂತೂ ಇಡೀ ಮಿಕ್ಸಿ ಆ ವಿಶೇಷಣದೊಳಗೆ ಅಡಗಿದ್ದನ್ನು ನಾನು ಬಲ್ಲೆ. ಆದರೂ ಹೊರುವವನು ಗೊಣಗುವುದಿಲ್ಲ, ಏಕೆಂದರೆ ನಾಳೆ ಅವನ ಪೊಟ್ಟಣವನ್ನೂ ಯಾರೋ ಹೊರಬೇಕು. ನಮ್ಮವರ ಪಾಲಿಗೆ ಇದೇ ಅಂಚೆ, ಇದೇ ಬಾಂಧವ್ಯ. 'ಇಲ್ಲ' ಎನ್ನಲು ಬಾರದ ನನ್ನಂಥವರ ಪಾಲಿಗೆ ಇದೇ ಪ್ರಾರಬ್ಧ.

ಇಂಥ ನನಗೆ ಇಟಲಿಯ ಟಸ್ಕನಿಗೆ ಹೋಗುವ ಯೋಗ ಕೂಡಿಬಂದದ್ದು ಕಮೋಡುಗಳ ದೆಸೆಯಿಂದ. ರಾಯ್ ಎಂಬಲ್ಲಿ, ಶೋರೂಮುಗಳೂ ಗ್ಯಾರೇಜುಗಳೂ ಒತ್ತೊತ್ತಾಗಿ ನಿಂತಿರುವ ಬೀದಿಯಲ್ಲಿ, ನಾನು ಟೈಲ್ಸು, ವಾಶ್‌ಬೇಸಿನ್ನು, ಕಮೋಡುಗಳನ್ನು ಮಾರುತ್ತೇನೆ. ನಮಗೆ ಮಾಲು ಕಳಿಸುವ ಇಟಲಿಯ ಕಂಪನಿ ಪ್ರತಿ ಹೊಸ ವರ್ಷಕ್ಕೂ ಒಂದು ಕ್ಯಾಲೆಂಡರನ್ನು ಕಳಿಸುತ್ತದೆ. ತಾನು ಮಾಡುವ ಸಾಮಾನುಗಳ ಚಿತ್ರ ಹಾಕಲು ಅದಕ್ಕೇ ನಾಚಿಕೆಯೋ ಏನೋ, ಪುಟಪುಟಕ್ಕೂ ತನ್ನ ಸೀಮೆಯ ಗುಡ್ಡ, ದ್ರಾಕ್ಷಿತೋಟ, ಹಳೆಯ ಇಗರ್ಜಿ, ಅದರ ಗೋಡೆಯ ಮೇಲಿನ ಚಿತ್ರಗಳನ್ನು ಅಚ್ಚುಹಾಕಿರುತ್ತದೆ. ನನ್ನ ಹೆಂಡತಿ ವಾರಿಜ ಅದನ್ನು ಗ್ಯಾಸ್ ಒಲೆಯ ಪಕ್ಕದ ಗೋಡೆಗೆ ತೂಗುಹಾಕುತ್ತಾಳೆ. ಒಗ್ಗರಣೆಯ ಎಣ್ಣೆ ಸಿಡಿದು ಸಿಡಿದು ಡಿಸೆಂಬರ್ ಬರುವಷ್ಟರಲ್ಲಿ ಇಟಲಿಯ ಆಕಾಶದಲ್ಲಿ ಅರಸಿನದ ನಕ್ಷತ್ರಗಳು ಮೂಡಿರುತ್ತವೆ. ಸಿಯೆನಾ ಎಂಬುದೊಂದು ಊರು ಎಂದು ನನಗೆ ತಿಳಿದದ್ದೇ ಅವಳಿಂದ. ಅಲ್ಲಿಯವರೆಗೆ ಅದನ್ನು ಬಾತ್‌ರೂಮಿನ ಗೋಡೆಗೆ ಒಪ್ಪುವ ಒಂದು ಕಂದು ಬಣ್ಣವೆಂದು ನಂಬಿದ್ದೆ, ಗಿರಾಕಿಗಳನ್ನೂ ನಂಬಿಸಿದ್ದೆ.

ಕಳೆದ ಸಲ ಊರಿನಿಂದ ಹಿಂದಿರುಗುವಾಗ, ವಿಮಾನ ಸಮುದ್ರದ ಮೇಲೆ ಬಂದದ್ದೇ ತಡ, ವಾರಿಜ ಸೀಟಿಗೆ ಒರಗಿ, "ನನಗೊಂದು ರಜೆ ಬೇಕಿತ್ತು" ಎಂದಳು. ರಜೆ ಮುಗಿಸಿ ಬರುತ್ತಿರುವವಳ ಬಾಯಲ್ಲಿ ಈ ಮಾತು ಕೇಳಿ ನಾನು ನಕ್ಕೆ. ಅವಳು ನಗಲಿಲ್ಲ. ಆಮೇಲೆ ಯೋಚಿಸಿದೆ: ಅವಳ ರಜೆಯೆಂದರೆ ಎರಡು ಮದುವೆ, ಒಂದು ಗೃಹಪ್ರವೇಶ, ಯಾರನ್ನೂ ಬಿಡದೆ ಎಲ್ಲರ ಮನೆಗೂ ಒಂದೊಂದು ಭೇಟಿ, ಹೋದಲ್ಲೆಲ್ಲ ಸೆರಗು ಸಿಕ್ಕಿಸಿ ಬಡಿಸುವುದು, ಪಾತ್ರೆ ಎತ್ತುವುದು, ಕೊನೆಗೆ ಯಾರ ಮನೆಗೆ ಕಡಿಮೆ ಹೊತ್ತು ಹೋದೆವೋ ಅವರ ಮುನಿಸನ್ನು ಕಟ್ಟಿಕೊಂಡು ವಿಮಾನ ಹತ್ತುವುದು. ಗಲ್ಫಿನ ನೆಂಟರು ಬಂದರೆಂದು ಎಲ್ಲರಿಗೂ ಹಬ್ಬ. ನೆಂಟಳಿಗೆ ಮಾತ್ರ ಹಬ್ಬದಡುಗೆಯ ಕೆಲಸ.

"ಆ ಕ್ಯಾಲೆಂಡರಿನ ಗುಡ್ಡ ಉಂಟಲ್ಲ, ಅಲ್ಲಿ ಒಂದು ಕಡೆ ಹೋಗಿ ಕೂತ್ಕೊಳ್ಬೇಕು. ಎಂತದೂ ಮಾಡ್ಲಿಕ್ಕಿಲ್ಲ" ಎಂದಳು. "ಅಲ್ಲಿ ನಮ್ಮನ್ನು ಕಾಯುವವರು ಯಾರೂ ಇರ್ಬಾರ್ದು. ಕೈಯಲ್ಲಿ ಯಾರ ಪೊಟ್ಟಣವೂ ಇರ್ಬಾರ್ದು."

ಮದುವೆಯಾದಂದಿನಿಂದ ಅವಳು ನನ್ನಲ್ಲಿ ತನಗಾಗಿ ಕೇಳಿದ್ದು ಬಹಳ ಕಡಿಮೆ. ಮುಂದಿನ ರಜೆ ಟಸ್ಕನಿಗೆ ಎಂದು ನಾನು ಅಲ್ಲೇ, ಅರಬ್ಬೀ ಸಮುದ್ರದ ಮೇಲೆ, ಮಾತು ಕೊಟ್ಟುಬಿಟ್ಟೆ.

ಮದ್ಯದ ಹನಿಯೂ ಸಿಗದ ದೇಶದಲ್ಲಿ ಕೂತು ದ್ರಾಕ್ಷಾರಸದ ನಾಡಿಗೆ ಪ್ರವಾಸ ಯೋಜಿಸುವುದೆಂದರೆ ಏಕಾದಶಿಯ ದಿನ ಅಡುಗೆಯ ಪುಸ್ತಕ ಓದಿದ ಹಾಗೆ. ಆದರೂ ನಾನು ಅಪಾರ ಶ್ರದ್ಧೆಯಿಂದ ಓದಿದೆ. ದುಬೈಯಲ್ಲಿ ಕೆಲಸದಲ್ಲಿರುವ ನಮ್ಮ ಮಗಳು ಇಂಟರ್‌ನೆಟ್ಟಿನಿಂದ ಹೆಕ್ಕಿ ಕಳಿಸಿದ ಪುಟಗಳನ್ನೆಲ್ಲ ಪ್ರಿಂಟು ತೆಗೆದು, ವೈನನ್ನು ಹೇಗೆ ಹಿಡಿಯಬೇಕು, ಹೇಗೆ ತಿರುಗಿಸಬೇಕು, ಹೇಗೆ ಮೂಸಬೇಕು ಎಂಬ ಷೋಡಶೋಪಚಾರವನ್ನು ಮನನ ಮಾಡಿದೆ. ಸ್ಟೀಲ್ ಲೋಟದಲ್ಲಿ ಕೆಂಪು ದ್ರಾಕ್ಷಿಯ ಜ್ಯೂಸು ಹೊಯ್ದು ತಾಲೀಮು ನಡೆಸುವಾಗ ಅದು ಅಂಗಿಯ ಮೇಲೆ ಚೆಲ್ಲಿತು. ವಾರಿಜ ಒದ್ದೆ ಬಟ್ಟೆ ಕೊಡುತ್ತಾ, "ನಾನು ಮಾಡುವ ಪುನರ್ಪುಳಿ ಶರಬತ್ತಿಗೆ ಒಂದು ದಿನವಾದ್ರೂ ಇಷ್ಟು ಮರ್ಯಾದೆ ಕೊಟ್ಟಿದ್ದೀರಾ?" ಎಂದು ಕೇಳಿದಳು. ಕೊಟ್ಟಿರಲಿಲ್ಲ.

ಗುಡ್ಡದ ಮೇಲೆ ಕೂರುವುದಕ್ಕೂ ಒಂದು ಅಭ್ಯಾಸ ಇರಲೆಂದು ಒಂದು ಶುಕ್ರವಾರ ವಫ್ರಾದ ಹೊಲಗಳ ಕಡೆಗೆ ಕಾರು ಓಡಿಸಿದೆವು. ಗ್ರೀನ್‌ಹೌಸುಗಳ ಸಾಲು, ಟೊಮೆಟೊ, ಸೌತೆಕಾಯಿ, ದೂಳು ಎಲ್ಲವೂ ಇದ್ದವು. ಗುಡ್ಡ ಎಂಬ ಸರಕು ಮಾತ್ರ ಆ ದಿಕ್ಕಿನಲ್ಲಿ ದಾಸ್ತಾನಿರಲಿಲ್ಲ. ವಾರಿಜ ಒಂದು ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮೇಲೆ ತಡೆಯಲಾರದೆ ಎದ್ದು, ಕೊಂಡ ಟೊಮೆಟೊಗಳಲ್ಲಿ ಮೆತ್ತಗಾದವನ್ನು ಆರಿಸತೊಡಗಿದಳು. ಸುಮ್ಮನೆ ಕೂರುವುದು ಅಷ್ಟು ಸುಲಭದ ವಿದ್ಯೆಯಲ್ಲವೆಂದು ಇಬ್ಬರಿಗೂ ಅರ್ಥವಾಯಿತು. ವೀಸಾ ಅರ್ಜಿಯಲ್ಲಿ ಆ ದೇಶದಲ್ಲಿರುವ ಬಂಧುಮಿತ್ರರ ಹೆಸರು ಕೇಳಿದ್ದ ಕಡೆ ಅವಳು ನನ್ನ ಕೈಯಿಂದ ಪೆನ್ನು ಕಸಿದುಕೊಂಡು, ಮುತ್ತಿನಂಥ ಅಕ್ಷರಗಳಲ್ಲಿ, ಯಾರೂ ಇಲ್ಲ ಎಂದು ತಾನೇ ಬರೆದಳು.

ನಾವು ಎಲ್ಲಿಗೆ ಹೋಗುತ್ತೇವೆಂದು ಹೊರಡುವವರೆಗೆ ಯಾರಿಗೂ ಹೇಳಬಾರದೆಂಬುದು ನಮ್ಮ ಒಪ್ಪಂದವಾಗಿತ್ತು. ಊರಿಗೆ ಹೋಗದೆ ಬೇರೆಲ್ಲಿಗೋ ಹೋಗುವುದು ನಮ್ಮವರಲ್ಲಿ ಒಂದು ನಮೂನೆಯ ಜಂಬ, ಇಲ್ಲವೇ ಒಂದು ನಮೂನೆಯ ಕಾಯಿಲೆ. ಆದರೆ ತಾರೀಖು ಹೇಗೋ ಸೋರಿತು. ಸೋರಿದ್ದು ನನ್ನಿಂದಲೇ. ಲಿಫ್ಟಿನಲ್ಲಿ 'ಯಾವಾಗ' ಎಂದು ಕೇಳಿದರು, ಹೇಳಿದೆ. 'ಎಲ್ಲಿಗೆ' ಎಂದು ಕೇಳಿದ್ದರೆ ಅದನ್ನೂ ಹೇಳುತ್ತಿದ್ದೆನೇನೋ, ಯಾರೂ ಕೇಳಲಿಲ್ಲ. ಮರುದಿನದಿಂದ ಪೊಟ್ಟಣಗಳು ಬರತೊಡಗಿದವು. ಕೆಳಮಹಡಿಯ ಶೆಟ್ಟರು ತಂಗಿಯ ಮನೆಗೆಂದು ಖರ್ಜೂರ ತಂದರು. ಮೇಲ್ಮಹಡಿಯ ಸಿಸಿಲಿಯಾ ಬಾಯಿ, ನರ್ಸಮ್ಮ, ರಾತ್ರಿಪಾಳಿ ಮುಗಿಸಿ ಬರುವಾಗ ನಿದ್ದೆಗಣ್ಣಿನಲ್ಲೇ ನಿಂತು, ಊರಿನ ಮೊಮ್ಮಗುವಿಗೆಂದು ಅಂಗಿ ಚಡ್ಡಿಗಳ ಗಂಟು ಕೊಟ್ಟರು. ನನ್ನ ನಾಲಿಗೆಯ ತುದಿಯಲ್ಲಿ ಇಟಲಿ ಇತ್ತು, ಬಾಯಿಂದ ಹೊರಬಂದದ್ದು, "ಅದಕ್ಕೇನಂತೆ, ಕೊಡಿ." ಒಂದೊಂದನ್ನೂ ಮಂಚದಡಿಗೆ ತಳ್ಳಿದೆ. ಮಗಳಿಗೆ ಫೋನಿನಲ್ಲಿ ಕಷ್ಟ ತೋಡಿಕೊಂಡರೆ, "ಜಸ್ಟ್ ಸೇ ನೋ, ಪಪ್ಪಾ" ಎಂದಳು. ಗಲ್ಫಿನಲ್ಲಿ ಹುಟ್ಟಿ ಬೆಳೆದವರಿಗೆ ಅದು ಅಷ್ಟು ಸಲೀಸು.

ವಾರಿಜ ಗುಡಿಸಲು ಬಗ್ಗಿದ ದಿನ ಎಲ್ಲ ಬಯಲಾಯಿತು. ಅವಳು ಕೂಗಾಡುತ್ತಾಳೆಂದುಕೊಂಡಿದ್ದೆ. ಅವಳು ಪೊಟ್ಟಣಗಳನ್ನು ಒಂದೊಂದಾಗಿ ಹೊರಗೆಳೆದು ಹಾಸಿಗೆಯ ಮೇಲೆ ಸಾಲಾಗಿ ಇಟ್ಟು ನೋಡುತ್ತಾ ನಿಂತಳು.

"ಇದನ್ನೆಲ್ಲ ಇಟಲಿಯಲ್ಲಿ ಯಾರಿಗೆ ಕೊಡ್ತೀರಿ ಮಾರಾಯ್ರೇ?" ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, "ನಿಮಗೆ ಹೋಗುವ ಮನಸ್ಸೇ ಇಲ್ಲ ಅಲ್ವಾ? ಇಲ್ಲದಿದ್ರೆ ಹೇಳಿ. ಊರಿಗೇ ಹೋಗುವ."

ಆ 'ಊರಿಗೇ ಹೋಗುವ' ನನಗೆ ನಾಟಿತು. ಒಂದು 'ಇಲ್ಲ' ಹೇಳಲಾರದ ನನ್ನ ಸೌಜನ್ಯದ ಬೆಲೆಯನ್ನು ಇಷ್ಟು ವರ್ಷ ಅವಳೇ ತೆರುತ್ತಾ ಬಂದಿದ್ದಳು. ಆ ಸಂಜೆಯೇ ಪೊಟ್ಟಣಗಳನ್ನು ಎತ್ತಿಕೊಂಡು ಹೊರಟೆ. ಊರಲ್ಲಿ ಹಂಚುತ್ತಾ ತಿರುಗಿದ್ದುಂಟು. ಕೊಟ್ಟವರಿಗೇ ಹಿಂದಕ್ಕೆ ಕೊಡುತ್ತಾ ತಿರುಗಿದ್ದು ಅದೇ ಮೊದಲು. ಶೆಟ್ಟರು ಖರ್ಜೂರ ತೆಗೆದುಕೊಂಡು, ನನ್ನನ್ನು ಒಳಗೆ ಕೂರಿಸಿ, ಬಾಗಿಲು ಹಾಕಿ, "ಊರಲ್ಲಿ ಅಣ್ಣತಮ್ಮಂದಿರ ಜೊತೆ ಏನಾದ್ರೂ ಜಾಗದ ತಕರಾರುಂಟಾ?" ಎಂದು ಕಳಕಳಿಯಿಂದ ವಿಚಾರಿಸಿದರು. ಇಲ್ಲವೆಂದರೂ ಅವರಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ.

ಕೊನೆಗೆ ಉಳಿದದ್ದು ಸಿಸಿಲಿಯಾ ಬಾಯಿಯ ಗಂಟು. ನಾವು ಊರಿಗೆ ಹೋಗುತ್ತಿಲ್ಲ ಬಾಯಿ, ಇಟಲಿಗೆ, ಸಿಯೆನಾ ಎಂಬ ಕಡೆಗೆ, ಈ ಒಂದು ಸಲ ಇವಳಿಗೆ ಯಾರ ಭಾರವೂ ಇಲ್ಲದೆ ಸುಮ್ಮನೆ ಕೂರಬೇಕಂತೆ ಎಂದು ಕಂಠಪಾಠ ಮಾಡಿದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದೆ. ಅವರು ಗಂಟನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತರು.

"ಸಿಯೆನಾದ ಹತ್ತಿರವೇ ನನ್ನ ಅಕ್ಕ ಇರುದು" ಎಂದರು. "ಸಿಸ್ಟರ್ ಆಗಿ ಹೋದವಳು. ಅಲ್ಲಿ ಮುದುಕರನ್ನು ನೋಡಿಕೊಳ್ಳುವ ಕಾನ್ವೆಂಟ್. ಊರಿಗೆ ಹೋಗುವವರು ನನಗೆ ವಾರಕ್ಕೊಬ್ಬರು ಸಿಗ್ತಾರೆ. ಅವಳಿರುವಲ್ಲಿಗೆ ಹೋಗುವವರು ಇಷ್ಟು ವರ್ಷದಲ್ಲಿ ನೀವೇ." ಮರುಕ್ಷಣವೇ ನಕ್ಕು, "ಒಳ್ಳೇದಾಯ್ತು. ವಾರಿಜಕ್ಕ ಸ್ವಲ್ಪ ಕೂತ್ಕೊಳ್ಳಲಿ. ದೇವರು ಒಳ್ಳೇದು ಮಾಡ್ಲಿ" ಎಂದು ಬಾಗಿಲು ಹಾಕಿಕೊಂಡರು.

ಅವರು ಏನನ್ನೂ ಕೇಳಲಿಲ್ಲ. ಕೇಳಿದ್ದರೆ ನಾನು ಒಪ್ಪಿಬಿಡುತ್ತಿದ್ದೆ. ಕೇಳದಿದ್ದರೂ ಒಪ್ಪಿಬಿಡುವ ಚಟ ಗಂಟಲವರೆಗೆ ಬಂದಿತ್ತು. ವಾರಿಜಳನ್ನು ನೆನೆದು ಹಲ್ಲು ಕಚ್ಚಿಕೊಂಡೆ. ನನ್ನ ಆಯುಸ್ಸಿನ ಮೊದಲ 'ಇಲ್ಲ'ವನ್ನು ಹೀಗೆ ಬಾಯಿಬಿಡದೆಯೇ ಹೇಳಿ ಮೆಟ್ಟಿಲಿಳಿದು ಬಂದೆ. ಗೆದ್ದೆನೆಂಬ ಹೆಮ್ಮೆ ಅರ್ಧ ದಾರಿಯಲ್ಲೇ ಆರಿಹೋಯಿತು. ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದಾಗ ವಾರಿಜ ಬಸಳೆ ಹೆಚ್ಚುತ್ತಿದ್ದಳು. ಕತ್ತಿ ನಿಂತಿತು.

"ಮತ್ತೆ ನೀವು ಎಂತ ಹೇಳಿದ್ರಿ?"

"ಎಂತದೂ ಹೇಳಲಿಲ್ಲ" ಎಂದೆ.

"ನಿಮಗೆ ಎಲ್ಲಿ ಬಾಯಿ ಬಿಡ್ಬೇಕು, ಎಲ್ಲಿ ಮುಚ್ಚಬೇಕು ಅಂತ ಯಾವತ್ತೂ ಗೊತ್ತಾಗುದಿಲ್ಲ" ಎಂದವಳೇ ಕೈ ಒರೆಸಿಕೊಂಡು, ಮನೆಯ ಚಪ್ಪಲಿಯಲ್ಲೇ, ಲಿಫ್ಟಿಗೂ ಕಾಯದೆ ಮೇಲೆ ಹತ್ತಿದಳು. ನನಗೆ ಅವಳ ಮೇಲೆ ಆ ಗಳಿಗೆಯಲ್ಲಿ ಉಕ್ಕಿದ ಪ್ರೀತಿಯನ್ನು ಇಲ್ಲಿ ಬರೆದರೆ ಈ ವಯಸ್ಸಿನಲ್ಲಿ ಚೆನ್ನಾಗಿರುವುದಿಲ್ಲ, ಆದರೂ ಬರೆಯುತ್ತಿದ್ದೇನೆ.

ಹಿಂದಿರುಗುವಾಗ ಅವಳ ಕೈಯಲ್ಲಿ ಒಂದು ಪೊಟ್ಟಣ ಇತ್ತು: ಕುಚ್ಚಲಕ್ಕಿ, ಒಂದು ಶೀಶೆ ಮಿಡಿ ಉಪ್ಪಿನಕಾಯಿ. ಇನ್ನೊಂದು ಕೈಯಲ್ಲಿ ಒಂದು ಫೋನ್ ನಂಬರು. ಮರುದಿನ ಮಧ್ಯಾಹ್ನ, ಅಲ್ಲಿಯ ಪ್ರಾರ್ಥನೆ ಮುಗಿಯುವ ಹೊತ್ತು ನೋಡಿಕೊಂಡು, ತಾನೇ ಫೋನು ಹಚ್ಚಿದಳು. ಸಿಸ್ಟರ್ ಮೊದಲು ಇಟಲಿಯ ಭಾಷೆಯಲ್ಲಿ ಏನೋ ಅಂದರು. ವಾರಿಜ ಧೈರ್ಯ ಮಾಡಿ ತುಳುವಿನಲ್ಲಿ ತನ್ನ ಪರಿಚಯ ಹೇಳಿಕೊಂಡಳು. ಆ ಕಡೆಯಿಂದ ತುಳುವಿನ ಪ್ರವಾಹ. ಸ್ಪೀಕರಿನಲ್ಲಿ ನನಗೂ ಕೇಳುತ್ತಿತ್ತು. ನಾಚುತ್ತಾ, ತಡವರಿಸುತ್ತಾ, ತನಗೆ ಗುಡ್ಡದಲ್ಲೊಂದು ಕಡೆ ಸುಮ್ಮನೆ ಕೂರುವ ಆಸೆಯೊಂದಿದೆಯೆಂದು ವಾರಿಜ ಹೇಳಿದಳು. ಸಿಸ್ಟರಿಗೆ ಅದರಲ್ಲಿ ವಿಚಿತ್ರವೇನೂ ಕಂಡ ಹಾಗಿರಲಿಲ್ಲ.

"ಕಾನ್ವೆಂಟಿನ ಹಿಂದೆಯೇ ಗುಡ್ಡ ಉಂಟು, ಒಂದು ಬೆಂಚೂ ಉಂಟು" ಎಂದರು. "ನೀನು ಎಷ್ಟು ಹೊತ್ತು ಬೇಕಾದ್ರೂ ಕೂತ್ಕೋ ಮಗಾ. ನಾನು ಮಾತಾಡಿಸ್ಲಿಕ್ಕೆ ಬರುದಿಲ್ಲ. ಗಂಜಿ ಆಗುವಾಗ ಕರೀತೇನೆ."

ವಾರಿಜ ಫೋನು ಇಟ್ಟು, ಕುರ್ಚಿಯಲ್ಲಿ ಹಾಗೇ ಕೂತುಬಿಟ್ಟಳು. ನಮ್ಮ ಮನೆಯಲ್ಲಿ, ಊರಿನ ಮನೆಗಳಲ್ಲಿ, ಊಟಕ್ಕೆ ಬನ್ನಿ ಎಂದು ಕರೆಯುವವಳು ಯಾವಾಗಲೂ ಅವಳೇ. ಅವಳನ್ನು ಹಾಗೆ ಕರೆದವರು ಯಾರಿದ್ದಾರೆಂದು ನೆನಪಿಸಿಕೊಳ್ಳಲು ನಾನು ಯತ್ನಿಸಿದೆ, ಒಬ್ಬರೂ ನೆನಪಾಗಲಿಲ್ಲ, ನನ್ನನ್ನೂ ಸೇರಿಸಿ. ಅವಳ ಕಣ್ಣು ತುಂಬಿತ್ತು. ಬಹಳ ಹೊತ್ತಿನ ಮೇಲೆ ಎದ್ದು, ಮೂಗೊರೆಸಿಕೊಂಡು, ಒಳಗೆ ಹೋಗಿ ನಮ್ಮ ಅಕ್ಕಿ ಡಬ್ಬವನ್ನು ಎತ್ತಿಕೊಂಡು ಬಂದಳು. ಸಿಸಿಲಿಯಾ ಬಾಯಿಯ ಪೊಟ್ಟಣವನ್ನು ಬಿಚ್ಚಿ, ಅದಕ್ಕೆ ಬೊಗಸೆ ಬೊಗಸೆಯಾಗಿ ನಮ್ಮ ಅಕ್ಕಿಯನ್ನೂ ಸೇರಿಸತೊಡಗಿದಳು.

"ಮೂರು ಜನಕ್ಕೆ ಇದು ಎಲ್ಲಿಗೆ ಸಾಕಾಗ್ತದೆ?" ಎಂದಳು.