ನಾಲ್ಕನೆಯ ನುಡಿ

ಆ ಶುಕ್ರವಾರ ನನ್ನ ಗಂಡ ಜುಮ್ಮಾ ನಮಾಜು ಮುಗಿಸಿ ಬಂದು, ರೊಟ್ಟಿ, ಪುಂಡಿಪಲ್ಯ ಉಂಡು, ಬನಿಯನ್ನಿನಲ್ಲೇ ಕುರ್ಚಿ ಹತ್ತಿ ಎ.ಸಿ.ಯ ಜಾಳಿಗೆ ಬಿಚ್ಚಿದರು. ವಾರವಿಡೀ ಕಂಪನಿಯ ಎ.ಸಿ. ರಿಪೇರಿ ಮಾಡಿ ರಜೆಯ ದಿನವೂ ಅದೇ ಕೆಲಸವೇ ಎಂದು ನಾನು ನಕ್ಕೆ.

"ಕಂಪನಿ ಎ.ಸಿ. ಕೆಟ್ಟರ ಒಂದು ಮೇಲ್ ಬರ್ತೈತಿ. ಮನಿದು ಕೆಟ್ಟರ ನೀ ಬರ್ತಿ" ಎಂದರು.

ಜಾಳಿಗೆ ತೊಳೆಯುತ್ತ ಹಾಡಿಕೊಂಡರು. ಮೂರು ನುಡಿ ಹಾಡಿ, ಯಾವಾಗಿನಂತೆ ಅಲ್ಲಿಗೆ ನಿಲ್ಲಿಸಿದರು. ನಾಲ್ಕು ಗಂಟೆಗೆ, ಮನ್ಸೂರಾಕ್ಕೆ ಹೋಗಿ ಕಟಿಂಗ್ ಮಾಡಿಸಿಕೊಂಡು ಬರುತ್ತೇನೆ ಎಂದು ಹೋದವರು ಸಂಜೆ ಕೂದಲು ಹಾಗೇ ಇಟ್ಟುಕೊಂಡು ತಿರುಗಿ ಬಂದರು.

"ಏನ್ರಿ, ಸಲೂನ್ ಓಡಿಹೋತೇನು?"

"ಭಾಳ ಗದ್ದಲಿತ್ತು. ಖಲಾಸ್, ಮುಂದಿನ ವಾರ ನೋಡೂಣು."

ಮರುದಿನ ಬೆಳಿಗ್ಗೆ ಕೆಲಸದ ಜಾಗದಲ್ಲಿ, ಸ್ವಲ್ಪ ದಣಿವಾಗಿದೆ ಎಂದು ಮೆಟ್ಟಿಲ ಮೇಲೆ ಕುಳಿತವರು ಮತ್ತೆ ಏಳಲಿಲ್ಲ. ಇಲ್ಲಿ ದೋಹಾದಲ್ಲಿಯೇ ಮಣ್ಣು ಮಾಡಿದರು. ಹೆಂಗಸರು ಖಬರಸ್ಥಾನಕ್ಕೆ ಹೋಗುವಂತಿಲ್ಲವಾದ್ದರಿಂದ ನಾನು ಬಿನ್ ಮಹಮೂದ್ ಬಡಾವಣೆಯ ನಮ್ಮ ಮನೆಯಲ್ಲೇ ಉಳಿದೆ.

ನಮ್ಮದು ಧಾರವಾಡ ಕಡೆಯ ಪಿಂಜಾರರ ಮನೆತನ. ಹತ್ತಿ ಹಿಂಜುವುದು ಹಿರಿಯರ ಕಸುಬು, ಮನೆಮಾತು ಕನ್ನಡ. ನನ್ನ ಗಂಡ ಹಾಡುತ್ತಿದ್ದ ಪದ ಅವರ ಅಪ್ಪನಿಂದ ಬಂದದ್ದು, ಊರಿನ ದರ್ಗಾದ ಗುರುವಿನ ಮೇಲಿನದು. ಮೊದಲ ನುಡಿಯಲ್ಲಿ ಹತ್ತಿ ಬಿಡಿಸುತ್ತಾರೆ, ಎರಡನೆಯದರಲ್ಲಿ ಹಿಂಜುತ್ತಾರೆ, ಮೂರನೆಯದರಲ್ಲಿ ನೂಲುತ್ತಾರೆ. ನಾಲ್ಕನೆಯ ನುಡಿಯಲ್ಲಿ ಗುರುವಿನ ಹೆಸರು ಬರುತ್ತದೆ. ಅದನ್ನು ಉರುಸಿನ ದಿನ ಗದ್ದಿಗೆಗೆ ಚಾದರ ಹೊದಿಸಿದ ಮೇಲೆ, ಎದ್ದು ನಿಂತು, ಒಂದೇ ಸಲ ಹಾಡಬೇಕು. ಬೇರೆಲ್ಲೂ ಹಾಡುವಂತಿಲ್ಲ. ಹೆಂಗಸರು ಹೊಸ್ತಿಲ ಹೊರಗೆ ನಿಲ್ಲುತ್ತೇವೆ. ಅಷ್ಟು ಹೊತ್ತಿಗೆ ಹೊರಗೆ ಹಲಗೆ ಬಾರಿಸಲು ಶುರುಮಾಡಿರುತ್ತಾರೆ. ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ಆ ನುಡಿ ನನ್ನ ಕಿವಿಗೆ ಬಿದ್ದಿರಲಿಲ್ಲ.

ಒಮ್ಮೆ ಮಾತ್ರ ಹಾಡಿರೆಂದು ಕೇಳಿಕೊಂಡಿದ್ದೆ. ಕೊರೊನಾದಿಂದ ವಿಮಾನಗಳು ನಿಂತುಹೋಗಿದ್ದ ಕಾಲದಲ್ಲಿ ಊರಿನಲ್ಲಿ ನನ್ನವ್ವ ತೀರಿಕೊಂಡಳು. ಅವಳ ಮುಖ ನೋಡಲಾಗಲಿಲ್ಲ. ಅಳಿಯನ ಪದವೆಂದರೆ ಅವಳಿಗೆ ಜೀವ. ಇವತ್ತೊಂದು ದಿನ ಅವಳ ಸಲುವಾಗಿ ಪೂರ್ತಿ ಹಾಡಿರಿ ಎಂದು ಬೇಡಿಕೊಂಡೆ.

ಅವರು ತಲೆ ತಗ್ಗಿಸಿ, "ಅದು ಗದ್ದಿಗಿ ಮುಂದಿಂದು. ಇಲ್ಲಿ ಬಾಯಿಗೆ ಬರಂಗಿಲ್ಲ. ತಪ್ಪ ತಿಳಕೋಬ್ಯಾಡ" ಎಂದರು.

ನಾನು ತಪ್ಪು ತಿಳಿಯಲಿಲ್ಲ. ನನ್ನ ದುಃಖಕ್ಕೂ ಬಗ್ಗದ ನೇಮ ಅವರದು ಎಂದು ನನ್ನಕ್ಕನ ಮುಂದೆ ಫೋನಿನಲ್ಲಿ ಹೇಳಿಕೊಂಡೆ. ಅದರಲ್ಲಿ ಹೆಮ್ಮೆಯೂ ಇತ್ತು.

ಗಂಡ ತೀರಿದವಳು ಪಾಲಿಸಬೇಕಾದ ಇದ್ದತ್‌ನ ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಕುಳಿತೆ. ಗಂಡನ ಅಣ್ಣನಾದ ಭಾವನ ಮಗ ವಾರವಾರ ತರಕಾರಿ ತಂದು ಬಾಗಿಲಲ್ಲಿಟ್ಟು ಹೋಗುತ್ತಿದ್ದ. ಅವನು ದೋಹಾದಲ್ಲೇ ಹುಟ್ಟಿದ ಹುಡುಗ. ಆಫೀಸು ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಸಂಗೀತ ಕೂಡಿಸುತ್ತಾನೆ ಎಂದಷ್ಟೇ ಗೊತ್ತಿತ್ತು.

ಆಮೇಲೆ ಮತ್ತೆ ಕೆಲಸಕ್ಕೆ ಹೋದೆ. ನಾನು ಶಾಲೆಯ ಬಸ್ಸಿನಲ್ಲಿ ಆಯಾ. ಒಂದು ಮಧ್ಯಾಹ್ನ ಹಿಂದಿನ ಸೀಟಿನ ದೊಡ್ಡ ಹುಡುಗಿಯೊಬ್ಬಳು ಫೋನಿನಲ್ಲಿ ಹಾಡು ಹಚ್ಚಿದ್ದಳು. ಬಸ್ಸಿನಲ್ಲಿ ಫೋನ್ ತೆಗೆಯಬಾರದು. ಬೈಯಲೆಂದು ಎದ್ದು ಹೋದೆ. ಅಷ್ಟರಲ್ಲಿ ಅದರೊಳಗಿಂದ ನನ್ನ ಗಂಡ, "ಆತೇನಪಾ? ಶುರು ಮಾಡ್ಲ್ಯಾ?" ಎಂದರು.

ನಾನು ಸೀಟಿನ ಕಂಬಿ ಹಿಡಿದುಕೊಂಡೆ. ಧಡಧಡ ಎಂದು ಸದ್ದು ಶುರುವಾಯಿತು. ಅದರ ಮೇಲೆ ಅವರ ದನಿ, ಗುರುವಿನ ಹೆಸರಿದ್ದ ಒಂದು ಸಾಲು. ಅದೇ ಸಾಲು ಮತ್ತೆ ಬಂತು, ಮತ್ತೆ ಬಂತು. ಊರಿನಲ್ಲಿ ಆ ಹೆಸರು ಎತ್ತಿದರೆ ನಾವು ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತೇವೆ. ಮಕ್ಕಳು ಅದಕ್ಕೆ ಸೀಟು ಬಡಿಯುತ್ತಿದ್ದರು. ಅವರ ತಪ್ಪೇನೂ ಇರಲಿಲ್ಲ. ಇದು ಯಾವ ಭಾಷೆ ಆಂಟಿ ಎಂದು ಹುಡುಗಿ ಹಿಂದಿಯಲ್ಲಿ ಕೇಳಿದಳು. ಗೊತ್ತಿಲ್ಲ ಎಂದೆ.

ಮನ್ಸೂರಾದ ಒಂದು ಫ್ಲ್ಯಾಟಿನಲ್ಲಿ ಭಾವನ ಮಗನೂ ಅವನ ಗೆಳೆಯ ಒಬ್ಬ ಮಲಯಾಳಿ ಹುಡುಗನೂ ಹಾಡಿನ ರೆಕಾರ್ಡಿಂಗಿಗೆ ಒಂದು ಕೋಣೆ ಇಟ್ಟುಕೊಂಡಿದ್ದಾರೆ. ಗೋಡೆಗೆಲ್ಲ ಕಂಬಳಿ ಹೊಡೆದಿದ್ದಾರೆ. ಇದು ಅವನದೇ ಕೆಲಸ ಎನಿಸಿ, ಭಾವನ ಹತ್ತಿರ ವಿಳಾಸ ಕೇಳಿಕೊಂಡು ಅಂದೇ ಸಂಜೆ ಅಲ್ಲಿಗೆ ಹೋದೆ. ನನ್ನ ಮುಖ ನೋಡಿ ಅವನಿಗೆ ತಿಳಿಯಿತು.

"ಚಿಗವ್ವ, ಸಾರಿ. ಹೇಳಬೇಕಂತ ಇದ್ದೆ. ಅಳ್ತೀರಿ ಅಂತ ಸುಮ್ನಾದೆ."

"ಅದನ್ನ ಯಾವಾಗ ಹಾಡಿದ್ರು?"

"ನಾಕು ಫ್ರೈಡೇ ಬಂದಿದ್ರು ಕಾಕಾ. ಲಾಸ್ಟ್ ಟೈಮ್... ಹಿಂದಿನ ದಿನ."

"ನಾಕನೇ ನುಡಿ ಹಾಡ್ರಿ ಅಂತ ನೀ ಗಂಟುಬಿದ್ದಿ?"

"ಇಲ್ಲ ಚಿಗವ್ವ, ಪ್ರಾಮಿಸ್. ಅದು ಐತಿ ಅಂತನ ನನಗ ಗೊತ್ತಿರಲಿಲ್ಲ. ಹೆಡ್‌ಫೋನ್‌ನಾಗ ತಮ್ಮ ವಾಯ್ಸ್ ಕೇಳಿ ಭಾಳ ಖುಷಿ ಆದ್ರು. ಇನ್ನೊಂದೈತಿ, ಯಲ್ಲಾ, ಹಚ್ಚು ಅಂದ್ರು."

ಹಾಡಿರೆಂದು ಯಾರೂ ಕೇಳಿರಲಿಲ್ಲ. ನಾನು ಕೇಳಿದ್ದೆ.

"ಪೂರ್ತಿ ಹಾಡಿದ್ರಾ?"

"ಪೂರ್ತಿ. ಕುಂತ್ಕೊಂಡ, ಕಣ್ಣ ಮುಚ್ಕೊಂಡು."

"ಹಚ್ಚು ಅದನ್ನ. ನಾ ಕೇಳಬೇಕು."

ಅವನು ಗೆಳೆಯನ ಕಡೆ ನೋಡಿದ. "ಇಲ್ಲ ಚಿಗವ್ವ. ಮುಗಿದ ಮ್ಯಾಲ ಕಾಕಾಗ ಹೆಂಗೋ ಆತು. ಹೆಸರಿನ ಸಾಲೊಂದು ಇಟ್ಕೋ, ಉಳಿದದ್ದೆಲ್ಲಾ, ಹಿಂದಿನ ವಾರದ್ದೂ, ನನ್ನ ಮುಂದ ಡಿಲೀಟ್ ಮಾಡು ಅಂದ್ರು. ಮಾಡಿದ್ವಿ."

"ಕಿವಿಲೆ ಕೇಳಿಯಲ್ಲ. ಏನಿತ್ತು ಹೇಳು."

"ಭಾಳ ಹಳೇ ಕನ್ನಡ. ನನಗ ತಿಳೀಲಿಲ್ಲ. ಬೀಟ್ ಎಣಸ್ಕೋತ ಕುಂತಿದ್ದೆ."

ಮಲಯಾಳಿ ಹುಡುಗ ಚಹಾ ತಂದುಕೊಟ್ಟ. ಬೇಕಾದರೆ ಹಾಡನ್ನು ನೆಟ್ಟಿನಿಂದ ತೆಗೆದು ಪೂರ್ತಿ ಅಳಿಸಿಹಾಕುತ್ತೇವೆ ಎಂದರು ಇಬ್ಬರೂ. ತೆಗೆಯಿರಿ ಎಂದು ಬಾಯಿಗೆ ಬಂದಿತ್ತು. ಆದರೆ ಅವರ ದನಿ ಇರುವುದು ಅದೊಂದರಲ್ಲೇ. ಮನೆಯಲ್ಲಿ ದಿನಾ ಹಾಡುವವರ ಹಾಡನ್ನು ನಾನು ಯಾಕೆ ಫೋನಿನಲ್ಲಿ ತುಂಬಿಟ್ಟುಕೊಳ್ಳಲಿ? ಇರಲಿ ಬಿಡಿ ಎಂದು ಎದ್ದು ಬಂದೆ.

ನನಗೆ ನಾನೇ ಎಷ್ಟೋ ಸಮಾಧಾನ ಹೇಳಿಕೊಂಡೆ. ಗಂಡು ಮಗ ಇಲ್ಲದವರು, ಮನೆತನದ ಹುಡುಗನ ಕೈಗೆ ಕೊಟ್ಟರು ಎಂದುಕೊಂಡೆ. ಹಾಗಾದರೆ ಅಳಿಸಿದ್ದು ಯಾಕೆ? ನೇಮ ಮುರಿದದ್ದಕ್ಕೆ ಹೆದರಿದರು ಎಂದುಕೊಂಡೆ. ಹೆದರಿದವರು ಮನೆಗೆ ಬಂದು ನನ್ನ ಹತ್ತಿರ ಹೇಳಬಹುದಿತ್ತು. ಬಂದು ಸಲೂನಿನ ಸುಳ್ಳು ಹೇಳಿದರು. ನಾನು ನಕ್ಕು ತಟ್ಟೆಗೆ ಬಡಿಸಿದೆ. ನೇಮವೇ ದೊಡ್ಡದಾಗಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಮುರಿಯಬಹುದಾದ ನೇಮ ಅದು. ನನ್ನವ್ವನಿಗಾಗಿ ಮುರಿಯಲಿಲ್ಲ, ತಮ್ಮ ದನಿ ಹೆಡ್‌ಫೋನಿನಲ್ಲಿ ಚೆಂದ ಕೇಳಿತೆಂದು ಮುರಿದರು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನಾನು ಇಟ್ಟುಕೊಂಡಿದ್ದೇನೆ, ಐದು ಹೊತ್ತು ಅವರಿಗಾಗಿ ದುವಾ ಮಾಡುತ್ತಲೇ.

ಭಾವನಿಗೆ ಆ ಪದ ಬರುವುದಿಲ್ಲ. ಚಿಕ್ಕಂದಿನಲ್ಲೇ ಗಲ್ಫಿಗೆ ಬಂದವರು. ಊರಿನ ದರ್ಗಾದ ಮುಜಾವರರಿಗೆ ಫೋನ್ ಮಾಡಿದೆ. ಪ್ರತಿ ಉರುಸಿನಲ್ಲೂ ಒಳಗೆ ನಿಂತು ಕೇಳಿದವರು ಅವರು.

"ಕೇಳ್ಕೋತ ಬಂದೀನವಾ, ಕಲ್ತಿಲ್ಲ" ಎಂದರು. "ವರ್ಷಾ ನಿನ್ನ ಗಂಡ ರಜಾ ಹಾಕಿ ಬರ್ತಿದ್ನಲ್ಲ, ಹಾಡವ ಅದಾನ ಅಂತ ಇದ್ವಿ. ಈ ಸಲದ ಉರುಸಿನ್ಯಾಗ ಎಲ್ಲಾರೂ ಕೂಡಿ ಮೂರ ನುಡಿಗೆ ನಿಲ್ಲಿಸಿದ್ವಿ."

ಭಾವನ ಮಗ ಹಾಡನ್ನು ನನ್ನ ಫೋನಿಗೂ ಹಾಕಿಕೊಟ್ಟಿದ್ದಾನೆ. ಧಡಧಡ ಸದ್ದು ಬರುವ ಮೊದಲು ಅವರು ಮಾತಾಡುವಷ್ಟನ್ನು ಕೇಳಿ ನಿಲ್ಲಿಸುತ್ತೇನೆ. ಕೆಲವು ದಿನ ಮುಂದಕ್ಕೂ ಬಿಡುತ್ತೇನೆ. ಗುರುವಿನ ಹೆಸರಿನ ಸಾಲು ಈಗ ನನಗೆ ಬಾಯಿಪಾಠ ಬಂದಿದೆ. ಮೊದಲಿನ ನುಡಿಗಳಂತೆ ನಾಲ್ಕನೆಯದಕ್ಕೂ ನಾಲ್ಕು ಸಾಲು. ಉಳಿದ ಮೂರು ಸಿಕ್ಕಿಲ್ಲ.