ಪೆನ್ಸಿಲ್ ಕಚ್ಚುವ ಮಧುಕುಮಾರ್

ಬಿಡದಿಯ ಬ್ರೇಕ್ ಕಾರ್ಖಾನೆಯ ಕಂಪ್ಯೂಟರ್ ವಿಭಾಗದ ಮಧುಕುಮಾರ್ ಶುದ್ಧ ಸೋಮಾರಿಯೆಂದೇ ಮ್ಯಾನೇಜರ್ ಚೆಲುವಯ್ಯನವರು ತಿಳಿದಿದ್ದರು. ಲಕ್ಷಾಂತರ ಸಾಲಿನ ದಾಖಲೆಯಲ್ಲಿ ಏನು ಹುಡುಕೆಂದರೂ ಅವನು ಮೊದಲು ಪೆನ್ಸಿಲ್ ಕಚ್ಚುತ್ತಾ, ಬೇಕಾದ ನಂಬರಿನ ಚಹರೆಯನ್ನು, ಅಂದರೆ ಯಾವ ಅಕ್ಷರದಿಂದ ಶುರು, ಯಾವ ಅಂಕಿಗೆ ಕೊನೆ ಎಂಬುದನ್ನು, ಚೀಟಿಯಲ್ಲಿ ಬರೆಯುತ್ತಾ ಕೂರುತ್ತಿದ್ದ. ಆಮೇಲೆ ಸಿ ಭಾಷೆಯ ಅವನ ಪ್ರೋಗ್ರಾಂ ಆ ಚಹರೆಗೆಂದೇ ಯಂತ್ರದ ಭಾಷೆಯಲ್ಲಿ ಹೊಸ ಆಜ್ಞೆಗಳನ್ನು ಹೆಣೆದುಕೊಂಡು, ಸಾಹೇಬರು ಆಕಳಿಸಿ ಬಾಯಿ ಮುಚ್ಚುವುದರೊಳಗೆ ಎಲ್ಲವನ್ನೂ ಜಾಲಾಡಿರುತ್ತಿತ್ತು. ತಟ್ಟೆ ಇಡ್ಲಿಯನ್ನೂ ಅವನು ನಾಲ್ಕು ಸುತ್ತು ನೋಡದೆ ಮುರಿದವನಲ್ಲ. ಬಿರುಕು ಬಿಟ್ಟ ಬ್ರೇಕುಗಳು ಲಾರಿಗೇರಿವೆಯೆಂದು ಗೊತ್ತಾದ ದಿನ, ಲಾರಿ ಗೇಟು ದಾಟುವ ಮೊದಲೇ ಎಂಟು ಪೆಟ್ಟಿಗೆಗಳ ನಂಬರು ಹಿಡಿದುಕೊಟ್ಟ. ಅಷ್ಟಕ್ಕೇ ಬಿಡದೆ ತಾನೇ ಲಾರಿ ಹತ್ತಿ, “ಈ ಬ್ರೇಕ್ ಹಾಕಿದ್ ಗಾಡೀಲಿ ಯಾರ ಮನೆ ಮಕ್ಳು ಕುಂತಿರ್ತಾವೋ” ಎನ್ನುತ್ತಾ ಎಂಟನ್ನೂ ಇಳಿಸಿದ. ಚೆಲುವಯ್ಯನವರು ಗತ್ತಿನಿಂದ, “ಅಲ್ಲಯ್ಯಾ, ಆ ಆಜ್ಞೆಗೀಜ್ಞೆನೆಲ್ಲಾ ನಿನ್ನೆ ದಿನಾನೇ ಹೆಣೆದಿಟ್ಟಿದ್ರೆ ಇನ್ನೂ ಬೇಗ ಆಗ್ತಿತ್ತಲ್ವಾ?” ಎಂದರು. “ಏನ್ ಹುಡುಕ್ಬೇಕು ಅಂತ ನೀವ್ ಏಳಿದ್ದೇ ಇವತ್ತು ಕಣ್ ಸಾ.”