ಯಜಮಾನರಿಗೆ ಸಿಕ್ಕ ಹತ್ತು ದಿನ

ನಮ್ಮ ಯಜಮಾನರು ಚನ್ನಗಿರಿಯ ಒಂದು ಬೀಜ-ಗೊಬ್ಬರದ ಕಂಪನಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾರೆ. ಅಲ್ಲಿದ್ದ ಸಾಫ್ಟ್‌ವೇರ್ ನಮ್ಮ ಮದುವೆಗಿಂತ ಹಳೆಯದು, ಒಂದೇ ಮಷಿನ್ನಿನಲ್ಲಿ ಓಡುತ್ತಿತ್ತು. ಹೊನ್ನಾಳಿ, ನ್ಯಾಮತಿ, ಜಗಳೂರಿನ ಗೋಡೌನುಗಳಲ್ಲಿ ಎಷ್ಟು ಚೀಲ ಉಳಿದಿವೆ ಎಂಬ ಚೀಟಿ ಸಂಜೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬರಬೇಕು, ಇವರು ಟೈಪ್ ಮಾಡಬೇಕು. ನಡುವೆ ನಿಂತುಬಿಟ್ಟರೆ ಅದನ್ನು ಎಬ್ಬಿಸುವ ಉಪಾಯ ಇವರೊಬ್ಬರಿಗೇ ಗೊತ್ತು.

ಇವರಿಗೆ ಇದ್ದದ್ದು ಒಂದೇ ಆಸೆ. ರಂಜಾನಿನ ಕೊನೆಯ ಹತ್ತು ದಿನ ಮನೆ, ಕೆಲಸ, ಫೋನು ಎಲ್ಲ ಬಿಟ್ಟು ಮಸೀದಿಯಲ್ಲೇ ಇದ್ದು ಏತೆಕಾಫ್ ಕೂರಬೇಕು. ಪ್ರತಿ ವರ್ಷ ನಾನು ಮಸೀದಿಗೆಂದು ಚಾದರ ಒಗೆದು ಇಡುತ್ತಿದ್ದೆ, ಮಷಿನ್ ಇವರನ್ನು ಬಿಡುತ್ತಿರಲಿಲ್ಲ, ಚಾದರ ಹಂಗೇ ಪೆಟ್ಟಿಗೆಗೆ ಹೋಗುತ್ತಿತ್ತು.

ಹೋದ ವರ್ಷ ಇವರು ಜ್ವರದಲ್ಲಿ ಮಲಗಿದ್ದಾಗ ಕಂಪನಿಯ ಸಾಹುಕಾರರ ಫೋನು ಬಂತು, ಮಷಿನ್ ನಿಂತೈತೆ ಅಂತ. ಇವರು ಹಾಸಿಗೆಯಿಂದ ಹೇಳಿದ್ದನ್ನು ನಾನು ಒಪ್ಪಿಸಿದೆ. "ಮೇಲಿನ ಸಾಲಿನ ಏಳನೇ ಗುಂಡಿ ಒತ್ರಿ, ಎಂಟು ಎಣಿಸ್ರಿ, ಮತ್ತೆ ಒತ್ರಿ." ಮೂರನೇ ಸಲಕ್ಕೆ ಎದ್ದಿತು. ನನಗೆ ತಡೆಯಲಾಗಲಿಲ್ಲ.

"ಸಾಹುಕಾರ್ರೆ, ತಪ್ಪು ತಿಳ್ಕೋಬೇಡ್ರಿ. ನಾಳೆ ಇವರಿಗೆ ಮಾತಾಡಾಕೇ ಆಗ್ಲಿಲ್ಲ ಅಂದ್ರೆ ನಿಮ್ಮ ಕಂಪನಿ ಗತಿ ಏನು? ಹೊಸದು ಹಾಕಿಸ್ಬಾರ್ದಾ?"

"ಅಯ್ಯೋ ತಾಯಿ, ನಾನು ವರ್ಷಾ ವರ್ಷಾ ಕೇಳ್ತೀನಿ. ಚೆನ್ನಾಗೇ ಓಡ್ತಾ ಐತೆ, ಬೇಡ ಅನ್ನೋರು ನಿಮ್ಮ ಯಜಮಾನ್ರೇ."

ಫೋನಿಟ್ಟು ತಿರುಗಿದೆ. ಇವರು ಗೋಡೆ ಕಡೆ ಹೊರಳಿದ್ದರು.

"ನನ್ನ ಬದ್ಲು ಅದನ್ನೇ ನಿಕಾಹ್ ಆಗ್ಬೇಕಿತ್ತು ನೀವು."

"ಹೊಸದು ಬಂದ್ರೆ ನನ್ನ ಯಾರು ಕೇಳ್ತಾರೆ?" ಅಂದರು ಮೆಲ್ಲಗೆ.

"ಅಲ್ಲಾಹ್ ಕೇಳ್ತಾನೆ, ಹತ್ತು ದಿನ ಯಾಕೆ ಬರ್ಲಿಲ್ಲ ಅಂತ."

ಜ್ವರ ಬಿಟ್ಟ ಮೇಲೆ ಇವರು ತಾವೇ ಹೋಗಿ ಸಾಹುಕಾರರಿಗೆ ಹೊಸದು ಹಾಕಿಸಿ ಅಂದರು. ಹಳೆಯದರಲ್ಲಿ ಇದ್ದದ್ದನ್ನೆಲ್ಲ ಹೊಸದಕ್ಕೆ ಸೇರಿಸಲು ಇವರೇ ಬೇಕಾದರು. ಮೂರೂ ಊರಿಗೆ ಹೋಗಿ ಅಲ್ಲಿಯವರಿಗೆ ಕಲಿಸಿದವರೂ ಇವರೇ. ಈಗ ಜಗಳೂರಿನ ಚೀಲದ ಲೆಕ್ಕ ಜಗಳೂರಿನವರೇ ಕಂಪ್ಯೂಟರಿಗೆ ಹಾಕುತ್ತಾರೆ. ಬಸ್ಸು ಕಾಯುವ ಕೆಲಸವಿಲ್ಲ, ಸಂಜೆಯ ಮಗ್ರಿಬ್ ನಮಾಜು ಒಂದು ದಿನವೂ ತಪ್ಪುವುದಿಲ್ಲ. ಅಲ್ಲಾಹನ ಸಣ್ಣ ಸಣ್ಣ ರಹಮತ್ತುಗಳು, ಒಂದೊಂದಕ್ಕೂ ಅವನಿಗೆ ಬೇರೆ ಬೇರೆ ಶುಕ್ರ್ ಹೇಳಿದ್ದೇನೆ.

ಈ ರಂಜಾನಿನ ಕೊನೆಯ ಹತ್ತು ದಿನಕ್ಕೆ ಇವರು ಫೋನು ನನ್ನ ಕೈಗೆ ಕೊಟ್ಟು ಮಸೀದಿ ಸೇರಿದರು. ಐದನೇ ದಿನ ಸಾಹುಕಾರರ ಫೋನು. ಹೊಸದೂ ನಿಂತೇ ಹೋಯಿತೇನೋ ಅಂದುಕೊಂಡೆ.

"ಏನಿಲ್ಲಮ್ಮ. ಮೊಮ್ಮಗಳ ಪರೀಕ್ಷೆ ಐತೆ, ದುವಾ ಕೇಳಾಕೆ ಹೇಳ್ರಿ ಅವರಿಗೆ."

ಸಂಜೆ ಮಸೀದಿ ಬಾಗಿಲಲ್ಲಿ ಇಫ್ತಾರ್ ಡಬ್ಬಿ ಕೊಡುತ್ತಾ ಹೇಳಿದೆ.

"ಬರೀ ದುವಾನಾ? ಮಷಿನ್ ವಿಷಯ ಏನೂ ಕೇಳ್ಲಿಲ್ವಾ?"

"ಏನೂ ಇಲ್ಲ."

ಇವರು ಡಬ್ಬಿ ಹಿಡಿದುಕೊಂಡೇ ನಕ್ಕರು, ಒಳಗಿದ್ದವರು ತಿರುಗಿ ನೋಡುವಷ್ಟು ಜೋರಾಗಿ.